ಪಂಕ್ತಿಭೇದವಿಲ್ಲದ ಸಭೆಗಾಗಿ: ಕರ್ನಾಟಕದ ಚರ್ಚ್ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಹಿರಿಯರೇ, ಸಹೋದರ ಸಹೋದರಿಯರೇ,



ಈ ಪತ್ರವನ್ನು ಬಿಷಪರಿಗಾಗಲಿ ಪಾದ್ರಿಗಳಿಗಾಗಲಿ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೋಧನೆ ಮಾಡುವವರು ಅವರು. ಆದರೆ ಆ ಬೋಧನೆಗೆ ಕೈಕಾಲು ಮೂಡುವುದು ನಿಮ್ಮ ಸಮಿತಿಯ ಮೇಜಿನ ಮುಂದೆ. ಕಾಣಿಕೆಯ ಹಣ ಎಲ್ಲಿಗೆ ಹೋಗಬೇಕು, ಸಭೆಯ ಶಾಲೆಯಲ್ಲಿ ಯಾರ ಮಕ್ಕಳಿಗೆ ಸೀಟು, ಆಯಾಗಳಿಗೂ ಕಾವಲುಗಾರರಿಗೂ ಎಷ್ಟು ಸಂಬಳ, ಸಿಮೆಟ್ರಿಯಲ್ಲಿ ಯಾರಿಗೆ ಎಲ್ಲಿ ಜಾಗ, ಮುಂದಿನ ಸಮಿತಿಗೆ ಯಾರ ಹೆಸರು ಸೂಚಿಸಬೇಕು, ಇವೆಲ್ಲ ತೀರ್ಮಾನವಾಗುವುದು ಅಲ್ಲೇ. ಭಾನುವಾರದ ಪ್ರಸಂಗ ಎಷ್ಟೇ ಚೆನ್ನಾಗಿರಲಿ, ಸಭೆಯ ನಿಜವಾದ ನಂಬಿಕೆ ಏನೆಂದು ತಿಳಿಯಬೇಕಾದರೆ ಅದರ ಆಯವ್ಯಯ ಪಟ್ಟಿಯನ್ನೂ ನಡಾವಳಿ ಪುಸ್ತಕವನ್ನೂ ನೋಡಬೇಕು.

ನೀವು ಏನೂ ಮಾಡುತ್ತಿಲ್ಲ ಎಂದು ದೂರುವ ಉದ್ದೇಶ ನನಗಿಲ್ಲ. ಕ್ರಿಸ್‌ಮಸ್ ಬಂದರೆ ಅಕ್ಕಿ, ಸೀರೆ, ಕಂಬಳಿ ಹಂಚುತ್ತೀರಿ. ನೆರೆ ಬಂದಾಗ ಶಾಲೆಯ ಬಾಗಿಲು ತೆರೆಯುತ್ತೀರಿ. ಕೋವಿಡ್ ಕಾಲದಲ್ಲಿ ಎಷ್ಟೋ ಸಭೆಗಳವರು ಅನ್ನ ಬೇಯಿಸಿ ಬೀದಿಬೀದಿಗೆ ಒಯ್ದರು. ಇದನ್ನೆಲ್ಲ ಕಂಡು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೂ ಒಂದು ಮಾತು ಹೇಳಲೇಬೇಕಾಗಿದೆ. ನಾವು ಬಡವರಿಗೆ ಬಡಿಸುತ್ತೇವೆ, ಅವರ ಜೊತೆ ಕೂತು ಉಣ್ಣುವುದಿಲ್ಲ. ಕೊಡುವ ಕೈ ಯಾವಾಗಲೂ ನಮ್ಮದು, ಚಾಚುವ ಕೈ ಯಾವಾಗಲೂ ಅವರದು. ಸತ್ಯವೇದ ಇಷ್ಟಕ್ಕೆ ತೃಪ್ತಿಪಡುವುದಿಲ್ಲ. ಅವರಿಗೆ ಪಂಕ್ತಿಯಲ್ಲಿ ಜಾಗ ಕೊಡಿ ಎನ್ನುತ್ತದೆ. ಬಡಿಸುವ ಸೌಟನ್ನೂ ಅವರ ಕೈಗೆ ಕೊಡಿ ಎನ್ನುತ್ತದೆ. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಇದೊಂದೇ.

ಲೂಕನ ಸುವಾರ್ತೆಯ 4ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಯೇಸುಸ್ವಾಮಿ ತಾವು ಬೆಳೆದ ನಜರೇತಿನ ಸಭಾಮಂದಿರಕ್ಕೆ ಸಬ್ಬತ್ ದಿನ ಹೋಗಿ, ಯೆಶಾಯನ ಸುರುಳಿಯನ್ನು ಬಿಚ್ಚಿ ಓದುತ್ತಾರೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಜಜ್ಜಿಹೋದವರಿಗೆ ವಿಮೋಚನೆ, ಕರ್ತನ ಪ್ರಸನ್ನತೆಯ ವರ್ಷ. ಸೇವೆಯ ಬಗ್ಗೆ ಮಾತೆತ್ತಿದರೆ ನಾವು ಮೊದಲು ನೆನೆಯುವುದು ಇದನ್ನೇ. ಸಂಘಸಂಸ್ಥೆಗಳ ಗೋಡೆಯ ಮೇಲೆ ಬರೆಸುವುದೂ ಇದನ್ನೇ. ಆ ಓದಿನಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಯೆಶಾಯನ 61ನೇ ಅಧ್ಯಾಯದ ಮಾತುಗಳ ನಡುವೆ, ಜಜ್ಜಿಹೋದವರ ಬಿಡುಗಡೆಯ ಮಾತು 58ನೇ ಅಧ್ಯಾಯದಿಂದ ಬಂದು ಸೇರಿಕೊಂಡಿದೆ. ಆ 58ನೇ ಅಧ್ಯಾಯ ಉಪವಾಸದ ವಿಷಯದ್ದು. ದೇವರು ಮೆಚ್ಚುವ ಉಪವಾಸವೆಂದರೆ ನೊಗ ಮುರಿಯುವುದು, ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಯೊಳಗೆ ಕರೆತರುವುದು ಎಂದು ಪ್ರವಾದಿ ಅಲ್ಲಿ ಹೇಳುತ್ತಾನೆ. ಎರಡನೆಯದಾಗಿ, ಯೆಶಾಯನಲ್ಲಿ ಪ್ರಸನ್ನತೆಯ ವರ್ಷದ ಬೆನ್ನಿಗೇ ದೇವರು ಮುಯ್ಯಿ ತೀರಿಸುವ ದಿನದ ಮಾತಿದೆ. ಯೇಸುಸ್ವಾಮಿ ಅದನ್ನು ಓದದೆ ಸುರುಳಿ ಸುತ್ತಿ ಕೊಟ್ಟುಬಿಡುತ್ತಾರೆ.

ಅಲ್ಲಿಯವರೆಗೂ ಊರಿನವರು ಮೆಚ್ಚಿಕೊಂಡೇ ಕೇಳುತ್ತಿದ್ದರು. ಬಡವರಿಗೆ ಶುಭವಾರ್ತೆ ಎಂದರೆ ಯಾರಿಗೆ ತಾನೇ ಸಿಟ್ಟು ಬಂದೀತು? ಅವರು ಕೆರಳಿದ್ದು ಆಮೇಲೆ. ಎಲೀಯನ ಕಾಲದಲ್ಲಿ ಬರ ಬಿದ್ದಾಗ ಇಸ್ರಾಯೇಲಿನಲ್ಲಿ ಎಷ್ಟೋ ವಿಧವೆಯರಿದ್ದರೂ ಪ್ರವಾದಿ ಹೋದದ್ದು ಸೀದೋನಿನ ಸರೆಪ್ತದ ವಿಧವೆಯ ಮನೆಗೆ. ಎಲೀಷನ ಕಾಲದಲ್ಲಿ ಎಷ್ಟೋ ಕುಷ್ಠರೋಗಿಗಳಿದ್ದರೂ ಗುಣವಾದವನು ಸಿರಿಯಾದ ನಾಮಾನ. ಈ ಎರಡು ಹಳೆಯ ಕತೆಗಳನ್ನು ಯೇಸುಸ್ವಾಮಿ ನೆನಪಿಸಿದ್ದೇ ತಡ, ಸಭಾಮಂದಿರವೆಲ್ಲ ಎದ್ದು ನಿಂತು ಅವರನ್ನು ಊರಾಚೆಯ ಗುಡ್ಡದ ತುದಿಗೆ ನೂಕಿಕೊಂಡು ಹೋಯಿತು. ನಾವು ಗೋಡೆಗೆ ಬರೆಸುವುದು 18, 19ನೇ ವಚನಗಳನ್ನು. ಆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಹೊರಗಿನವರನ್ನು ನಮ್ಮ ಸಮಕ್ಕೆ, ಕೆಲವೊಮ್ಮೆ ನಮಗಿಂತ ಮುಂದಕ್ಕೆ ತಂದು ನಿಲ್ಲಿಸಿದಾಗ ಭಕ್ತರ ಗುಂಪು ಹೇಗೆ ವರ್ತಿಸುತ್ತದೆ ಎಂಬುದನ್ನೂ ಲೂಕ ಬರೆದಿಟ್ಟಿದ್ದಾನೆ. ಆ ಕೋಪವನ್ನು ಓದದೆ ಶುಭವಾರ್ತೆಯನ್ನಷ್ಟೇ ಓದಿದರೆ ಅರ್ಧ ಓದಿದಂತೆ.

ಪ್ರಸನ್ನತೆಯ ವರ್ಷವೆಂದರೆ ಜೂಬಿಲಿ ಸಂವತ್ಸರ ಎಂದು ಬಹಳ ಮಂದಿ ವ್ಯಾಖ್ಯಾನಕಾರರು ಹೇಳುತ್ತಾರೆ. ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ ಪ್ರತಿ 50ನೇ ವರ್ಷ ಕೊಂಬು ಊದಿಸಿ ಬಿಡುಗಡೆ ಸಾರಬೇಕು. ಕಷ್ಟಕ್ಕೆ ಸಿಕ್ಕಿ ಭೂಮಿ ಮಾರಿಕೊಂಡವನಿಗೆ ಭೂಮಿ ಮರಳಬೇಕು, ತನ್ನನ್ನೇ ಮಾರಿಕೊಂಡವನು ಮನೆಗೆ ಹೋಗಬೇಕು. ಭೂಮಿ ದೇವರದು, ನೀವು ಇಲ್ಲಿ ಒಕ್ಕಲು ಮಾತ್ರ ಎಂಬುದು ಅದರ ಹಿಂದಿನ ತರ್ಕ. ಇಷ್ಟು ದೊಡ್ಡ ಕಟ್ಟಳೆಯ ಜೊತೆಗೆ ದಿನನಿತ್ಯದ ಸಣ್ಣ ಕಟ್ಟಳೆಗಳೂ ಇವೆ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಿಡಬೇಕು. ಬಿದ್ದ ತೆನೆಯನ್ನು ತಿರುಗಿ ಆಯಬಾರದು. ಅದು ಪರದೇಶಿ, ಅನಾಥ, ವಿಧವೆಯರ ಪಾಲು. ಹಕ್ಕಲಾಯಲು ಬಂದ ಮೋವಾಬಿನ ರೂತಳ ಕತೆ ನಮ್ಮ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಈ ಕಟ್ಟಳೆಯ ಸೂಕ್ಷ್ಮವನ್ನು ನೋಡಿ. ಬಡವ ಯಜಮಾನನ ಮನೆಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಅವನೇ ಹೊಲಕ್ಕಿಳಿಯುತ್ತಾನೆ, ತನ್ನ ಕೈಯಿಂದ ಆಯ್ದುಕೊಳ್ಳುತ್ತಾನೆ, ತಲೆಯೆತ್ತಿ ಮನೆಗೆ ಹೋಗುತ್ತಾನೆ. ಯಾರಿಗೂ ಕೃತಜ್ಞತೆ ಹೇಳುವ ಹಂಗು ಅವನಿಗಿಲ್ಲ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಸಾಲ ಕೊಟ್ಟವನು ಒತ್ತೆಯ ವಸ್ತುವಿಗಾಗಿ ಸಾಲಗಾರನ ಮನೆಯೊಳಗೆ ನುಗ್ಗಬಾರದು; ಹೊರಗೆ ನಿಂತಿರಬೇಕು, ಅವನೇ ತಂದುಕೊಡಬೇಕು. ಬಡವನ ಗುಡಿಸಲಿಗೂ ಒಂದು ಹೊಸ್ತಿಲಿದೆ, ಅದನ್ನು ಅವನ ಅನುಮತಿಯಿಲ್ಲದೆ ದಾಟಬಾರದು ಎಂಬ ಮರ್ಯಾದೆ ಅದು. ಅದೇ ಅಧ್ಯಾಯ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು ಎನ್ನುತ್ತದೆ. ಸಹಾಯ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ, ಬ್ಯಾನರಿನ ಕೆಳಗೆ ಫೋಟೊ ತೆಗೆಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವ ನಮ್ಮ ರೂಢಿಯನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿ. ಸಾವಿರಾರು ವರ್ಷ ಹಿಂದಿನ ಹೊಲದ ಕಟ್ಟಳೆ ಬಡವರ ಮಾನವನ್ನು ನಮಗಿಂತ ಚೆನ್ನಾಗಿ ಕಾಯುತ್ತಿತ್ತು.

ಬಡವರು ಯಾವಾಗಲೂ ನಮ್ಮ ನಡುವೆ ಇದ್ದೇ ಇರುತ್ತಾರೆಂದು ಸ್ವಾಮಿಯೇ ಹೇಳಿಲ್ಲವೇ, ಎಷ್ಟು ಮಾಡಿದರೂ ಮುಗಿಯುವುದಿಲ್ಲವಲ್ಲ ಎಂದು ಸಮಿತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಬೇಥಾನ್ಯದ ಮನೆಯಲ್ಲಿ ಹೆಂಗಸೊಬ್ಬಳು ಸುಗಂಧತೈಲ ಸುರಿದಾಗ ಆಡಿದ ಆ ಮಾತು ಧರ್ಮೋಪದೇಶಕಾಂಡದ 15ನೇ ಅಧ್ಯಾಯವನ್ನು ನೆನಪಿಸುತ್ತದೆ. ಅಲ್ಲಿ ಬಡವರು ದೇಶದಲ್ಲಿ ಇದ್ದೇ ಇರುತ್ತಾರೆ ಎಂದ ಕೂಡಲೇ, ಆದ್ದರಿಂದ ನಿನ್ನ ಕೈಯನ್ನು ಧಾರಾಳವಾಗಿ ತೆರೆ ಎಂಬ ಆಜ್ಞೆಯಿದೆ. ಅದಕ್ಕೂ ಕೆಲವು ವಚನಗಳ ಮುಂಚೆ, ಕಟ್ಟಳೆಗಳನ್ನು ಸರಿಯಾಗಿ ಪಾಲಿಸಿದರೆ ನಿಮ್ಮಲ್ಲಿ ಬಡವರೇ ಇರುವುದಿಲ್ಲ ಎಂಬ ಭರವಸೆಯೂ ಇದೆ. ಕೈ ತೆರೆಯಲು ಹೇಳಿದ ವಚನವನ್ನು ಕೈ ಕಟ್ಟಿ ಕೂರಲು ಬಳಸುವುದು ಸರಿಯಲ್ಲ.

ಈಗ ಹೊಸ ಒಡಂಬಡಿಕೆಯ ಪಂಕ್ತಿಗೆ ಬರೋಣ. ಔತಣ ಮಾಡುವಾಗ ಬಂಧುಬಳಗವನ್ನೂ ಸಿರಿವಂತ ನೆರೆಯವರನ್ನೂ ಕರೆಯಬೇಡಿ, ಬಡವರನ್ನೂ ಊನವಾದವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಿರಿ ಎಂದು ಲೂಕನ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುತ್ತಾರೆ. ಊಟವನ್ನು ಅವರ ಮನೆಗೆ ಕಟ್ಟಿ ಕಳಿಸಿ ಎನ್ನುವುದಿಲ್ಲ. ನಿಮ್ಮ ಮನೆಗೆ ಕರೆಯಿರಿ ಎನ್ನುತ್ತಾರೆ. ಕೊರಿಂಥದ ಸಭೆಯವರು ಇದನ್ನು ಮರೆತರು. ಅನುಕೂಲಸ್ಥರು ಮೊದಲೇ ಬಂದು ಉಂಡು ಕುಡಿದು ತಣಿಯುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲನಿಗೆ ಅದು ಬರಿಯ ಶಿಷ್ಟಾಚಾರದ ಕೊರತೆಯಾಗಿ ಕಾಣಲಿಲ್ಲ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಬರೆದ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಬೇರೆ ಕೂತ. ಅಪೊಸ್ತಲರಲ್ಲಿ ಮೊದಲಿಗನೆಂದು ನೋಡದೆ ಪೌಲ ಅವನನ್ನು ಎಲ್ಲರ ಮುಂದೆ ಎದುರಿಸಿ ನಿಂತ. ಬೇರೆ ಬೇರೆ ಕೂರುವುದು ಸುವಾರ್ತೆಯ ಸತ್ಯಕ್ಕೇ ವಿರುದ್ಧ ಎಂಬುದು ಅವನ ವಾದ. ಪಂಕ್ತಿಭೇದ ಏನೆಂದು ಬೇರೆ ಯಾರಿಗಾದರೂ ವಿವರಿಸಿ ಹೇಳಬೇಕಾದೀತು. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನಮಗೆ ಗಲಾತ್ಯದವರಿಗೆ ಬರೆದ ಪತ್ರದ ಆ 2ನೇ ಅಧ್ಯಾಯ ಟೀಕೆಯಿಲ್ಲದೆ ಅರ್ಥವಾಗಬೇಕು.

ನಿಮ್ಮಂತಹ ಸಮಿತಿಯ ಮೊದಲ ದಾಖಲೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿದೆ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಊಟದ ಹಂಚಿಕೆ ನಡೆಯುತ್ತಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಅಪೊಸ್ತಲರು ದೂರು ಕೊಟ್ಟವರ ಬಾಯಿ ಮುಚ್ಚಿಸಲಿಲ್ಲ. ಅವರಿಗೂ ಒಂದಿಷ್ಟು ಹೆಚ್ಚು ಹಾಕಿ ಎಂದು ಹೇಳಿ ಕೈತೊಳೆದುಕೊಳ್ಳಲೂ ಇಲ್ಲ. ಏಳು ಮಂದಿಯನ್ನು ನೀವೇ ಆರಿಸಿರಿ ಎಂದು ಸಭೆಗೆ ಹೇಳಿ, ಹಂಚಿಕೆಯನ್ನೇ ಆ ಏಳು ಮಂದಿಗೆ ವಹಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯ ನಿಕೊಲಾಯನಂತೂ ಹುಟ್ಟಿನಿಂದ ಯೆಹೂದಿಯೂ ಅಲ್ಲ. ಅನ್ಯಾಯವಾಗಿದೆ ಎಂದು ಹೇಳಿದ ಗುಂಪಿನವರ ಕೈಗೇ ಸಭೆ ಸೌಟು ಕೊಟ್ಟಿತು. ಅದರ ಫಲ ಏನಾಯಿತು? ಮುಂದೆ ಸಮಾರ್ಯಕ್ಕೆ ಸುವಾರ್ತೆ ಒಯ್ದವನು ಇದೇ ಫಿಲಿಪ್ಪ. ಗಾಜಾದ ದಾರಿಯಲ್ಲಿ ಇಥಿಯೋಪ್ಯದ ನಪುಂಸಕ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟವನೂ ಅವನೇ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅಂಥವನಿಗೆ ದೇವರ ಸಭೆಯೊಳಗೆ ಪ್ರವೇಶವಿರಲಿಲ್ಲ. ಒಳಗೆ ಜಾಗ ಸಿಕ್ಕಿದ ಹೊರಗಿನವನು ಇನ್ನೂ ಹೊರಗಿದ್ದವರಿಗೆ ಬಾಗಿಲು ತೆರೆದ. ಬಡವರ ಸೇವೆ ಎಂದರೇನು ಎಂದು ನನ್ನನ್ನು ಕೇಳಿದರೆ ಈ ಅಧ್ಯಾಯವನ್ನು ತೋರಿಸುತ್ತೇನೆ.

ನಮ್ಮ ನೆಲದಲ್ಲಿ ಏನು ನಡೆಯಿತು? 1606ರಲ್ಲಿ ಮಧುರೆಗೆ ಬಂದ ಮಿಷನರಿ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸಂನ್ಯಾಸಿಯಂತೆ ಬದುಕಿ ಮೇಲ್ಜಾತಿಯವರಿಗೆ ಬೋಧಿಸಿದರು. ಕೆಳಜಾತಿಗಳವರಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳ ವ್ಯವಸ್ಥೆ ಬೆಳೆಯಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಒಂದೇ ಪೀಠಕ್ಕೆ ಎರಡು ಅಂಗಣ, ನಡುವೆ ಗೋಡೆ ಇರುವ ಚರ್ಚನ್ನೇ ಕಟ್ಟಿದರು. ಕಳೆದ ಶತಮಾನದ ಆರಂಭದಲ್ಲಿ ಆ ಗೋಡೆ ಒಡೆಯಬೇಕಾಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಪೂರ್ತಿಯಾಗಿ ಬಿಡಬೇಕೆಂದು ಸುತ್ತೋಲೆ ಕಳಿಸಿದಾಗ ತಮಿಳು ಸೀಮೆಯ ಎಷ್ಟೋ ಕುಟುಂಬಗಳು ಜಾತಿಯನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟವು.

ಅದರ ಮರುವರ್ಷ, 1834ರಲ್ಲಿ, ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಜಾತಿಯನ್ನು ಇಟ್ಟುಕೊಂಡು ಸಭೆಗೆ ಸೇರಲು ಅವರು ಒಪ್ಪಲಿಲ್ಲ. ಆದರೆ ಜಾತಿ ಬಿಟ್ಟವನ ಕೈಯಿಂದ ಕಸುಬೂ ಜಾರಿತು, ಗೇಣಿಯ ಗದ್ದೆಯೂ ಜಾರಿತು. ಕಳ್ಳು ಇಳಿಸಿ ಬದುಕುತ್ತಿದ್ದವನು ಆ ಕಸುಬು ಬಿಟ್ಟರೆ ಉಣ್ಣುವುದೇನು? ಹೀಗೆ ಹೊಟ್ಟೆಯ ಪ್ರಶ್ನೆ ಎದ್ದಾಗ ನೇಯ್ಗೆಮನೆಗಳು ಬಂದವು, ಮುದ್ರಣಾಲಯ ಬಂತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್‌ಸ್ಟ್ ಅವರ ಹಂಚಿನ ಕಾರ್ಖಾನೆ ಶುರುವಾಯಿತು. ಆ ಕಾರ್ಖಾನೆಗಳಲ್ಲಿ ಯಜಮಾನ ಮತ್ತು ಕೂಲಿಯವನ ಅಂತರ ಇರಲಿಲ್ಲವೆಂದು ನಾನು ಹೇಳಲಾರೆ. ಆಡಳಿತ ಯುರೋಪಿಯನ್ನರ ಕೈಯಲ್ಲೇ ಇತ್ತು. ಆದರೂ ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನ ಕೆಳಗೆ ದುಡಿದರು, ದಾನಕ್ಕೆ ಕೈಯೊಡ್ಡದೆ ದುಡಿದ ಹಣದಲ್ಲಿ ಬದುಕಿದರು. ಅದೇ ಮಿಷನ್ನಿನ ಕಿಟೆಲರ ನಿಘಂಟನ್ನೂ ಮೊಗ್ಲಿಂಗರ ಪತ್ರಿಕೆಯನ್ನೂ ನಾವು ಸಮಾರಂಭಗಳಲ್ಲಿ ನೆನೆಯುತ್ತೇವೆ. ಹಂಚಿನ ಕಾರ್ಖಾನೆ ಯಾಕೆ ಬೇಕಾಯಿತು ಎಂಬುದನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಇನ್ನೂ ಮುಂದೆ ಹೋದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಅವರು ತಂದೆತಾಯಿಯಿಂದ ಸಂಸ್ಕೃತ ಕಲಿತರು, ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು, ಮದುವೆಯಾದ ಎರಡು ವರ್ಷದೊಳಗೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅಲ್ಲಿನ ಗುರುಗಳೂ ಸಂನ್ಯಾಸಿನಿಯರೂ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ, ಸ್ವಂತ ಬುದ್ಧಿಯಿಂದ ಶಾಸ್ತ್ರ ಓದುವ ಹಕ್ಕನ್ನು ಬಿಟ್ಟುಕೊಡಲಿಲ್ಲ. 1896–97ರ ಬರದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆತಂದರು. ಅದೇ ಮುಕ್ತಿ ಮಿಷನ್. ಅಲ್ಲಿ ಅವರು ಅನ್ನ ಹಾಕಿ ಸುಮ್ಮನಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಇಡೀ ಬೈಬಲನ್ನು ತಂದರು. 1922ರಲ್ಲಿ ತೀರಿಕೊಳ್ಳುವ ಮುಂಚೆ ಆ ಕೆಲಸ ಮುಗಿಸಿದರು. ಅಚ್ಚಿನ ಮೊಳೆ ಜೋಡಿಸಿ ಅದನ್ನು ಮುದ್ರಿಸಿದವರು ಆಶ್ರಮದ ಹೆಣ್ಣುಮಕ್ಕಳೇ. ಜನ ಅಪಶಕುನವೆಂದು ದೂರವಿಟ್ಟಿದ್ದ ವಿಧವೆಯರು ದೇವರ ವಾಕ್ಯವನ್ನು ಅಚ್ಚುಹಾಕುವವರಾದರು. ಯೆರೂಸಲೇಮಿನ ಸಭೆ ವಿಧವೆಯರ ದೂರನ್ನು ಕೇಳಿಸಿಕೊಂಡಿತ್ತು. ಮುಕ್ತಿ ಮಿಷನ್ನಿನಲ್ಲಿ ಕೆಲಸದ ಹೊಣೆಯೇ ವಿಧವೆಯರ ಕೈಗೆ ಬಂತು.

ಇಂದಿನ ನಮ್ಮ ಸ್ಥಿತಿ ನೋಡಿ. ಭಾರತದ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತ ಮೂಲದವರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸ ಈ ವಾಸ್ತವವನ್ನು ದೇವಶಾಸ್ತ್ರದ ನಡುಮನೆಗೆ ತಂದಿತು. ಮೇಲ್ಜಾತಿಯ ದರ್ಶನಗಳ ಜೊತೆಗೇ ಮಾತಾಡುತ್ತ ಬಂದ ಭಾರತೀಯ ದೇವಶಾಸ್ತ್ರ, ಪೀಠದ ಮುಂದೆ ಕೂತ ಬಹುಪಾಲು ಜನರ ನೋವನ್ನು ಕಾಣಲೇ ಇಲ್ಲ ಎಂಬುದು ಅವರ ಆಕ್ಷೇಪ. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ. ಆ ಮಾತು ಆಡಿದ ಜಾಗ ನಮ್ಮ ಬೆಂಗಳೂರು ಎಂಬುದು ನಮ್ಮ ಮೇಲೆ ಹೆಚ್ಚಿನ ಹೊಣೆ ಹೊರಿಸುತ್ತದೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಸಭೆಯೊಳಗೇ ಜಾತಿ ತಾರತಮ್ಯ ಇದೆ, ಅದು ಪಾಪ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ನೀತಿ ಕಾಗದದಿಂದ ಇಳಿದು ಬರಬೇಕಾದದ್ದು ನಿಮ್ಮ ಸಮಿತಿಗಳಿಗೆ, ಪಂಗಡ ಯಾವುದೇ ಇರಲಿ.

ದಲಿತ ಕ್ರೈಸ್ತರಿಗೆ ಪೆಟ್ಟು ಎರಡು ಕಡೆಯಿಂದ, ಸಭೆಯಿಂದಲೂ ಸರ್ಕಾರದಿಂದಲೂ. 1950ರ ರಾಷ್ಟ್ರಪತಿಗಳ ಆದೇಶದ 3ನೇ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕ್ರೈಸ್ತರೊಬ್ಬರು, ಅದೇ ಕಸುಬಿನ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ತನಗೆ ಮತದ ಕಾರಣಕ್ಕೆ ಸಿಗಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದರು. ಮತಾಂತರದ ನಂತರವೂ ಜಾತಿಯ ಸಂಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 1985ರಲ್ಲಿ ಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಕಂಡಿಕೆಯನ್ನು ಕೈಬಿಡಲು ಶಿಫಾರಸು ಮಾಡಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗವನ್ನು ನೇಮಿಸಲಾಯಿತು.

ಪುರಾವೆ ಇಲ್ಲ ಎಂಬ ಆ ಮಾತು ನಮ್ಮನ್ನು ಚುಚ್ಚಬೇಕು. ಪುರಾವೆ ನಮ್ಮ ಸಭೆಗಳಲ್ಲೇ ಇದೆ. ಯಾರ ಮನೆಯ ಮದುವೆಗೆ ಯಾರು ಹೋಗುತ್ತಾರೆ, ಸಂಬಂಧ ಬೆಳೆಸುವಾಗ ಏನೇನು ವಿಚಾರಿಸುತ್ತಾರೆ, ಯಾರ ಕುಟುಂಬದವರು ತಲೆತಲಾಂತರದಿಂದ ಚರ್ಚಿನ ಅಂಗಳ ಗುಡಿಸುತ್ತಾರೆ, ಯಾರ ಕುಟುಂಬದವರು ತಲೆತಲಾಂತರದಿಂದ ಸಮಿತಿಯಲ್ಲಿ ಕೂರುತ್ತಾರೆ, ಇದು ನಿಮಗೆ ಗೊತ್ತಿಲ್ಲದ್ದಲ್ಲ. ಸರ್ಕಾರದ ಮುಂದೆ ನಮ್ಮವರಿಗೂ ಅಸ್ಪೃಶ್ಯತೆಯ ನೋವಿದೆ ಎನ್ನುತ್ತೇವೆ. ಪ್ರಸಂಗದಲ್ಲಿ ನಮ್ಮಲ್ಲಿ ಜಾತಿ ಇಲ್ಲ ಎನ್ನುತ್ತೇವೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಜಾತಿ ಇದೆ ಎಂದು ಮೊದಲು ಸಭೆಯ ನಡಾವಳಿಯಲ್ಲಿ ಬರೆಯೋಣ. ಆಗ ಸರ್ಕಾರದ ಮುಂದೆ ಆಡುವ ಮಾತಿಗೂ ತೂಕ ಬರುತ್ತದೆ.

ಸೇವೆಯನ್ನು ಆಮಿಷವೆಂದು ಕರೆಯುವ ಕಾಲವಿದು ಎಂಬುದನ್ನೂ ಮರೆತಿಲ್ಲ. 2022ರ ನಮ್ಮ ರಾಜ್ಯದ ಮತಾಂತರ ಕಾಯ್ದೆ ಧಾರ್ಮಿಕ ಸಂಸ್ಥೆಗಳು ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಆ ಸಂಶಯ ಅನ್ಯಾಯದ್ದು. ಬಡವನಿಗೆ ಸ್ವಂತ ಬುದ್ಧಿಯಿಲ್ಲ, ಒಂದು ಚೀಲ ಅಕ್ಕಿಗೆ ಮನಸ್ಸು ಮಾರಿಕೊಳ್ಳುತ್ತಾನೆ ಎಂಬ ತಿರಸ್ಕಾರ ಅದರೊಳಗಿದೆ. ಆದರೆ ನಮ್ಮ ಕಡೆಯಿಂದಲೂ ಸೇವೆಗೆ ಯಾವ ಷರತ್ತೂ ಅಂಟಿರಬಾರದು. ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದರೇ ಹೊರತು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರ್ಯದವನೂ ಅವನ ಮತ ಕೇಳಲಿಲ್ಲ. ನಮ್ಮ ಆಸ್ಪತ್ರೆ, ಶಾಲೆ, ಅನಾಥಾಲಯಗಳ ಬಾಗಿಲಲ್ಲಿ ಈ ಎರಡು ಕತೆಗಳೇ ಕಾವಲಿರಲಿ.

ಇಷ್ಟೆಲ್ಲ ಹೇಳಿ, ನಿಮ್ಮಿಂದ ನಾನು ಕೇಳುವುದು ಐದು ತೀರ್ಮಾನಗಳನ್ನು.

ಮೊದಲನೆಯದು, ಸಮಿತಿಯ ಕುರ್ಚಿ. ಪೌರಕಾರ್ಮಿಕರು, ಮನೆಗೆಲಸದವರು, ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಕ್ಕಳು, ಅಂಗವಿಕಲರು ನಿಮ್ಮ ಸಭೆಯಲ್ಲಿದ್ದಾರೆ. ಮುಂದಿನ ಚುನಾವಣೆಯಲ್ಲಿ ಅವರ ಹೆಸರು ಸೂಚಿಸಿ, ಗೆಲ್ಲಿಸಿ. ಲೆಕ್ಕಪತ್ರ, ಶಾಲಾ ಆಡಳಿತದಂತಹ ನಿಜವಾದ ಹೊಣೆಯನ್ನೂ ಕೊಡಿ. ಇಂಗ್ಲಿಷ್ ಬಾರದು ಎಂಬುದು ಅಡ್ಡಿಯಾದರೆ ಸಮಿತಿಯ ಕಲಾಪ ಕನ್ನಡದಲ್ಲಿ ನಡೆಯಲಿ.

ಎರಡನೆಯದು, ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳಿಗೆ ಅದು ಅನ್ವಯಿಸದು ಎಂದಿತು. ಕಾನೂನು ನಮ್ಮನ್ನು ಬಿಟ್ಟಿರಬಹುದು, ಸುವಾರ್ತೆ ಬಿಟ್ಟಿಲ್ಲ. ಮತ ಯಾವುದೇ ಇರಲಿ, ನಾಲ್ಕರಲ್ಲಿ ಒಂದು ಸೀಟು ಬಡವರ ಮಕ್ಕಳಿಗೆ ಎಂದು ನೀವೇ ನಿರ್ಣಯ ಮಾಡಿ. ಶಾಲೆ ನಡೆಯುವುದು ಹೇಗೆ ಎಂದು ಕೇಳುತ್ತೀರಿ, ಕೇಳಬೇಕಾದ ಪ್ರಶ್ನೆಯೇ. ಹಳೆಯ ವಿದ್ಯಾರ್ಥಿಗಳು ದೇಶವಿದೇಶಗಳಲ್ಲಿ ಚೆನ್ನಾಗಿದ್ದಾರೆ. ಹೊಸ ಕಟ್ಟಡಕ್ಕೆ ಕೇಳುವ ಬಾಯಿಯಿಂದ ಈ ಮಕ್ಕಳ ಫೀಸಿಗೂ ಅವರನ್ನು ಕೇಳಿ. ಒಂದೇ ವರ್ಷದಲ್ಲಿ ಆಗದಿದ್ದರೆ ತರಗತಿಗೆ ಐದು ಮಕ್ಕಳಿಂದ ಶುರು ಮಾಡಿ.

ಮೂರನೆಯದು, ಕೂಲಿ. ನಮ್ಮ ಸಂಸ್ಥೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಆಯಾ, ಜಾಡಮಾಲಿ, ಅಡುಗೆಯವರು, ಕಾವಲುಗಾರರಿಗೆ ಕನಿಷ್ಠ ವೇತನ, ಭವಿಷ್ಯನಿಧಿ, ಇಎಸ್‌ಐ ಸಿಗುತ್ತಿದೆಯೇ ಎಂದು ಈ ತಿಂಗಳೇ ಪರಿಶೀಲಿಸಿ. ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬ ಬರೆದದ್ದು ಹೊಲದ ಒಡೆಯರಿಗೆ ಮಾತ್ರವಲ್ಲ.

ನಾಲ್ಕನೆಯದು, ಸಿಮೆಟ್ರಿ. ಜಾತಿಯಿಂದಾಗಲಿ ಹಣದಿಂದಾಗಲಿ ಸತ್ತವರಲ್ಲಿ ಭೇದ ಮಾಡುವುದಿಲ್ಲ, ಸರತಿಯ ಪ್ರಕಾರ ಜಾಗ ಕೊಡುತ್ತೇವೆ ಎಂದು ನಿಯಮಾವಳಿಯಲ್ಲಿ ಅಕ್ಷರಶಃ ಬರೆಯಿರಿ.

ಐದನೆಯದು, ಸಾಕ್ಷಿ. ದಲಿತ ಕ್ರೈಸ್ತರ ಹಕ್ಕಿನ ಹೋರಾಟವನ್ನು ಅವರಷ್ಟೇ ನಡೆಸಲಿ ಎಂದು ಬಿಡಬೇಡಿ. ಸಭೆಯ ಪರವಾಗಿ ನಿರ್ಣಯ ಮಾಡಿ ಕಳಿಸಿ. ಒಳಗಿನ ತಾರತಮ್ಯದ ದೂರು ಕೇಳಲು ಸಭೆಯಲ್ಲೇ ಒಂದು ವ್ಯವಸ್ಥೆ ಮಾಡಿ. ಆ ದೂರು ಕೇಳುವವರಲ್ಲಿ ಹೆಚ್ಚಿನವರು ಆ ನೋವು ಉಂಡವರೇ ಆಗಿರಲಿ.

ಇದರಲ್ಲಿ ಯಾವುದಕ್ಕೂ ಹೊಸ ದೇವಶಾಸ್ತ್ರ ಬೇಕಾಗಿಲ್ಲ, ವಿದೇಶದ ಹಣ ಬೇಕಾಗಿಲ್ಲ, ಬಿಷಪರ ಸುತ್ತೋಲೆಗಾಗಿ ಕಾಯಬೇಕಾಗಿಯೂ ಇಲ್ಲ. ವಿರೋಧ ಬರುತ್ತದೆ, ಕೆಲವರು ಎದ್ದು ಹೋಗಲೂಬಹುದು. ನಜರೇತಿನಲ್ಲಿಯೂ ಎದ್ದರು, ವಿಲ್ಸನ್ನರ ಸುತ್ತೋಲೆ ಬಂದಾಗ ತಮಿಳು ಸೀಮೆಯಲ್ಲಿಯೂ ಎದ್ದರು. ಅದಕ್ಕೆ ಹೆದರಿ ಪೇತ್ರನಂತೆ ಬೇರೆ ಕೂರಬೇಡಿ. ನಿಮ್ಮ ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಈ ಐದು ವಿಷಯಗಳನ್ನು ಸೇರಿಸಿ, ಚರ್ಚಿಸಿ, ಮತಕ್ಕೆ ಹಾಕಿ, ನಿರ್ಣಯವನ್ನು ಸಭೆಯ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ನಡುವಿನ ಒಬ್ಬ ಸಭಾ ಸದಸ್ಯ